ನಿಮ್ಮ ಪ್ರಶ್ನೆ, ನಮ್ಮ ಉತ್ತರ: ವಿಕ್ಟೋರಿಯಾ, ವಿನ್ಸೆಂಟ್, ವೆರೋನಿಕಾ

ಪ್ರಶ್ನೆ: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ರಾಣಿಯ ಹೆಸರು ಅಂತ ಗೊತ್ತು. ಆ ಹೆಸರಿನ ಅರ್ಥ ‘ಗೆಲುವು’ ಅಂತ ಮೊಮ್ಮಗಳು ಹೇಳಿದಳು. ಹಾಗಾದರೆ ನಮ್ಮ ವಿಜಯಾ, ಜಯಮ್ಮ ಇದ್ದ ಹಾಗೆ ಇಂಗ್ಲೆಂಡಿನಲ್ಲಿ ಅದು ಮನೆಮನೆಯ ಹೆಸರಾಗಿತ್ತೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊಮ್ಮಗಳು ಹೇಳಿದ್ದು ಸರಿ. ಲ್ಯಾಟಿನ್‌ನಲ್ಲಿ ವಿಕ್ಟೋರಿಯಾ ಅಂದರೆ ಗೆಲುವು. ರೋಮನ್ನರಿಗೆ ಆಕೆ ರೆಕ್ಕೆ ಇರುವ ದೇವತೆ, ನಾಣ್ಯಗಳ ಮೇಲೂ ಇದ್ದಳು.

ಆದರೆ ಮನೆಮನೆಯ ಹೆಸರು? ಖಂಡಿತ ಇಲ್ಲ. 1819ರಲ್ಲಿ, ಮುಂದೆ ಬ್ರಿಟನ್ನಿನ ರಾಣಿಯಾದ ಈ ಮಗು ಹುಟ್ಟಿದಾಗ ಇಂಗ್ಲಿಷರ ಕಿವಿಗೆ ಅದು ಪರದೇಶದ ಹೆಸರು. ತಾಯಿ ಜರ್ಮನಿಯವಳು, ಹೆಸರು ಬಂದದ್ದು ಅವಳಿಂದಲೇ. ನಾಮಕರಣದಲ್ಲಿ ರಂಪವೇ ಆಯಿತು. ಅಪ್ಪ ಅಮ್ಮ ಆರಿಸಿದ್ದ ಹೆಸರುಗಳಲ್ಲಿ ಜಾರ್ಜಿಯಾನಾ ಕೂಡ ಇತ್ತು. ಆಗ ರಾಜ್ಯಭಾರ ನೋಡುತ್ತಿದ್ದ ದೊಡ್ಡಪ್ಪ ಜಾರ್ಜ್ ಸುತಾರಾಂ ಒಪ್ಪಲಿಲ್ಲ. ಕೊನೆಗೆ ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರನ ಗೌರವಕ್ಕೆ ಅಲೆಕ್ಸಾಂಡ್ರಿನಾ, ಅದರ ಹಿಂದೆ ವಿಕ್ಟೋರಿಯಾ ಅಂತಾಯಿತು. ಮನೆಯಲ್ಲಿ ಚಿಕ್ಕದಾಗಿ ‘ಡ್ರೀನಾ’!

1837ರಲ್ಲಿ ಪಟ್ಟಕ್ಕೆ ಬಂದ ದಿನದ ಕಾಗದಪತ್ರಗಳಲ್ಲಿ ಎರಡೂ ಹೆಸರು ಇದ್ದವು. ಮೊದಲನೆಯದು ಬೇಡ ಅಂತ ತೆಗೆಸಿದವಳು ಅವಳೇ. ಹದಿನೆಂಟರ ಹುಡುಗಿಯ ಆ ಗಟ್ಟಿತನ ನನಗೆ ಬಹಳ ಇಷ್ಟ. ಇಲ್ಲದಿದ್ದರೆ ಇವತ್ತು ನಾವು ಆಟೋದವರಿಗೆ ‘ಅಲೆಕ್ಸಾಂಡ್ರಿನಾ ಆಸ್ಪತ್ರೆಗೆ ಬಿಡಪ್ಪಾ’ ಅನ್ನಬೇಕಿತ್ತು.

ಆಮೇಲೆ ಈ ಹೆಸರು ಎಲ್ಲೆಲ್ಲೋ ಹಬ್ಬಿತು. ಆಫ್ರಿಕಾದ ಜಲಪಾತಕ್ಕೆ 1855ರಲ್ಲಿ ಅನ್ವೇಷಕ ಲಿವಿಂಗ್‌ಸ್ಟನ್, ಸರೋವರಕ್ಕೆ 1858ರಲ್ಲಿ ಇನ್ನೊಬ್ಬ ಅನ್ವೇಷಕ ಸ್ಪೀಕ್ ಇದನ್ನೇ ಇಟ್ಟರು. ಅಲ್ಲಿನ ಜನ ಇಟ್ಟುಕೊಂಡಿದ್ದ ಹೆಸರುಗಳನ್ನು ಯಾರು ಕೇಳಬೇಕು, ಬಿಡಿ. ಆಕಾಶದಲ್ಲಿ ಮಾತ್ರ ತಕರಾರು ಬಂತು. 1850ರಲ್ಲಿ ಲಂಡನ್ನಿನ ಖಗೋಳ ವಿಜ್ಞಾನಿ ಹೈಂಡ್ ಒಂದು ಕ್ಷುದ್ರಗ್ರಹ ಕಂಡುಹಿಡಿದು ವಿಕ್ಟೋರಿಯಾ ಎಂದು ಕರೆದರು. ಬದುಕಿರುವವರ ಹೆಸರು ಇಡುವ ಹಾಗಿಲ್ಲ ಅಂತ ಅಮೆರಿಕದ ಖಗೋಳ ವಿಜ್ಞಾನಿಗಳು ಎದ್ದು ನಿಂತರು. ಹೈಂಡ್ ಕೊಟ್ಟ ಉತ್ತರ: ಇದು ರಾಣಿಯ ಹೆಸರಲ್ಲ, ರೋಮಿನ ದೇವತೆಯದು! ಯಾರು ನಂಬಿದರೋ ಏನೋ, ಹೆಸರಂತೂ ಉಳಿಯಿತು.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಬ್ಬರು ವಿಕ್ಟರ್, ಇನ್ನೊಬ್ಬರು ವಿನ್ಸೆಂಟ್. ಎರಡೂ ಒಂದೇ ಅರ್ಥವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಹೆಚ್ಚುಕಡಿಮೆ ಒಂದೇ. ಎರಡರ ಬೇರೂ ‘ವಿಂಕೆರೆ’, ಅಂದರೆ ಗೆಲ್ಲು. ವಿಕ್ಟರ್ ಗೆದ್ದವನು, ವಿನ್ಸೆಂಟ್ ಗೆಲ್ಲುತ್ತಿರುವವನು. ವಿನ್ಸೆಂಟ್ ಅವರಿಗೆ ಇದನ್ನು ಹೇಳಿ ರೇಗಿಸಬೇಡಿ. ಜೂಲಿಯಸ್ ಸೀಸರನ ‘ಬಂದೆ, ನೋಡಿದೆ, ಗೆದ್ದೆ’ ಮಾತಿನ ಕೊನೆಯ ಪದ ‘ವಿಕಿ’ ಕೂಡ ಇದೇ ಬೇರಿನದು. ಸಾವನ್ನೂ ಗೆದ್ದವರು ಎಂಬ ಅರ್ಥದಲ್ಲಿ ಹಳೆಯ ಕ್ರೈಸ್ತರಿಗೆ ವಿಕ್ಟರ್ ಮೆಚ್ಚಿನ ಹೆಸರಾಯಿತು. ಎರಡನೇ ಶತಮಾನದ ಕೊನೆಗೇ ಆ ಹೆಸರಿನ ಪೋಪ್ ಒಬ್ಬರಿದ್ದರು.

ಪ್ರಶ್ನೆ: ವೆರೋನಿಕಾದಲ್ಲೂ ಗೆಲುವು ಇದೆಯಂತೆ, ನಿಜವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇದೆ, ಆದರೆ ಲ್ಯಾಟಿನ್ನಿನದಲ್ಲ. ಗ್ರೀಕರ ಗೆಲುವಿನ ದೇವತೆ ನಿಕೆ. ‘ಗೆಲುವು ತರುವವಳು’ ಎಂಬ ಫೆರೆನಿಕೆ ಮ್ಯಾಸಿಡೋನಿಯಾದವರ ಬಾಯಲ್ಲಿ ಬೆರೆನಿಕೆ ಆಯಿತು, ಅದೇ ಮುಂದೆ ವೆರೋನಿಕಾ. ನಿಕೋಲಸ್, ನಿಕೋಲ್ ಕೂಡ ಅದೇ ಮನೆಯವರು. ಶೂ ಕಂಪನಿ ನೈಕಿಯೂ ಅಷ್ಟೇ.