ಬಿಚ್ಚದೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಕೊಣಾಜೆಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಓದುತ್ತಿದ್ದಾಳೆ. ಜಿನೀವಾ ಹತ್ತಿರದ ಸರ್ನ್ ಅನ್ನುವ ಕಣಭೌತ ಪ್ರಯೋಗಾಲಯದಲ್ಲಿ ಕಣಗಳನ್ನು ಹಿಡಿಯುವ ಸಿಲಿಕಾನ್ ಡಿಟೆಕ್ಟರುಗಳು ಆ ಕಣಗಳ ಹೊಡೆತದಿಂದಲೇ ಹಾಳಾಗುತ್ತವಂತೆ. ನೆಲದಡಿ ನೂರು ಮೀಟರ್ ಆಳದಲ್ಲಿ, ವರ್ಷಗಟ್ಟಲೆ ಬಿಚ್ಚದೆ ಇರುವ ಯಂತ್ರ ಅದು. ಒಳಗೆ ಎಷ್ಟು ಹಾಳಾಗಿದೆ ಅಂತ ಗೊತ್ತಾಗುವುದು ಹೇಗೆ?
— ಒಬ್ಬ ಓದುಗರು, ಉಡುಪಿ

ಉತ್ತರ: ಸೋರಿಕೆ ನೋಡಿ. ಆಟಿ ತಿಂಗಳ ಮಳೆಯಲ್ಲಿ ಹಂಚು ಒಡೆದಿದೆಯಾ ಅಂತ ನೋಡಲು ಯಾರೂ ಮಾಡಿಗೆ ಹತ್ತುವುದಿಲ್ಲ, ಅಲ್ವಾ? ತೊಟ್ಟಿಕ್ಕುವ ಕಡೆ ಒಂದು ಪಾತ್ರೆ ಇಡುತ್ತೇವೆ. ಅದು ಎಷ್ಟು ಬೇಗ ತುಂಬಿತು ಅನ್ನುವುದರಲ್ಲೇ ಗೊತ್ತಾಗುತ್ತದೆ.

ಸಿಲಿಕಾನ್ ಸೆನ್ಸರ್ ಅಂದರೆ ಒಂದು ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಚೂರು. ಅದಕ್ಕೆ ವೋಲ್ಟೇಜನ್ನು ಉಲ್ಟಾ ಕೊಟ್ಟಿರುತ್ತಾರೆ, ಹಾಗಾಗಿ ಕರೆಂಟ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ಕಣ ಹಾದುಹೋದಾಗ ಮಾತ್ರ ಒಂದು ಸಣ್ಣ ಮಿಡಿತ ಬರುತ್ತದೆ. ಆದರೆ ಕೆಲವು ಕಣಗಳು ಹರಳಿನ ಒಳಗಿನ ಪರಮಾಣುವನ್ನೇ ಅದರ ಜಾಗದಿಂದ ಕಿತ್ತುಹಾಕುತ್ತವೆ. ಹಾಗೆ ಕಿತ್ತುಹೋದ ಜಾಗಗಳು ಎಲೆಕ್ಟ್ರಾನುಗಳಿಗೆ ಮೆಟ್ಟಿಲಿದ್ದ ಹಾಗೆ, ಕಣ ಬರದಿದ್ದರೂ ಅವು ಹತ್ತಿ ಈಚೆ ಬರುತ್ತವೆ, ಕರೆಂಟ್ ಸುಮ್ನೆ ಸೋರುತ್ತಾ ಇರುತ್ತದೆ. ಈ ಸೋರಿಕೆ ಬಿದ್ದ ಏಟಿಗೆ ಸರಿಯಾಗಿ, ನೇರ ಗೆರೆಯಲ್ಲಿ ಏರುತ್ತದೆ. ಸಿಲಿಕಾನ್ ಯಾವ ಬಗೆಯದ್ದಾದರೂ ಅಷ್ಟೇ. ಇದು ನಿಜಕ್ಕೂ ದೊಡ್ಡ ಅನುಕೂಲ.

ಒಂದು ಲೆಕ್ಕ ನೋಡಿ. 300 ಮೈಕ್ರಾನ್ ದಪ್ಪದ, 1 ಚದರ ಸೆಂಟಿಮೀಟರಿನ ಚೂರಿಗೆ ಒಂದು ಕೋಟಿ ಕೋಟಿ ನ್ಯೂಟ್ರಾನ್ ಹೊಡೆತ ಬಿತ್ತು ಅನ್ನೋಣ, ಒಂದೊಂದೂ 1 ಎಂಇವಿ ಶಕ್ತಿಯದ್ದು (ಎಂಇವಿ ಅಂದರೆ ಕಣಗಳ ಶಕ್ತಿ ಅಳೆಯುವ ಮಾನ). 20 ಡಿಗ್ರಿಯಲ್ಲಿ ಸೋರಿಕೆ ಸುಮಾರು 120 ಮೈಕ್ರೋಆಂಪ್. ಅದೇ ಚೂರನ್ನು ಮೈನಸ್ 20ಕ್ಕೆ ತಣಿಸಿದರೆ ಬರೀ 2. ಹೊಡೆತ ಅಷ್ಟೇ, ಅಂಕಿ ಮಾತ್ರ ಬೇರೆ! ಅದಕ್ಕೇ ಸರ್ನ್‌ನಲ್ಲಿ ಅಳತೆಯನ್ನೆಲ್ಲ ಒಂದೇ ಉಷ್ಣತೆಗೆ ತಂದು ಹೋಲಿಸುತ್ತಾರೆ.

ಇದು ನನಗೆ ಕಣ್ಣಾರೆ ಗೊತ್ತಾದದ್ದು ಮಂಗಳೂರಿನ ಒಂದು ಮೇ ತಿಂಗಳಲ್ಲಿ. ಲ್ಯಾಬಿನಲ್ಲಿ ಕರೆಂಟ್ ಹೋಗಿ ಏಸಿ ನಿಂತಿತ್ತು, ಮೀಟರ್ ಮಾತ್ರ ಯುಪಿಎಸ್ ಮೇಲೆ ಓಡುತ್ತಿತ್ತು. ಕತ್ತಲ ಡಬ್ಬಿಯಲ್ಲಿಟ್ಟ ಡಯೋಡಿನ ಸೋರಿಕೆ ನೋಡನೋಡುತ್ತಲೇ ಏರತೊಡಗಿತು. ಊಟ ಮುಗಿಸಿ ಬರುವಾಗ ಹತ್ತಿರ ಹತ್ತಿರ ಎರಡರಷ್ಟು. ಡಯೋಡ್ ಹೋಯ್ತು ಅಂತಲೇ ಅಂದುಕೊಂಡೆವು. ಹೋಗಿರಲಿಲ್ಲ, ಕೋಣೆ ಏಳೆಂಟು ಡಿಗ್ರಿ ಬಿಸಿಯಾಗಿತ್ತು ಅಷ್ಟೇ.

ಸೋರಿಕೆಯೊಂದೇ ಸಾಲದು. ಆಗಾಗ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಕಣದ ಮಿಡಿತ ಯಾವ ವೋಲ್ಟಿಗೆ ಪೂರ್ತಿ ಬರುತ್ತದೆ ಅಂತಲೂ ನೋಡುತ್ತಾರೆ. ಏಟು ತಿಂದಷ್ಟೂ ಜಾಸ್ತಿ ವೋಲ್ಟೇಜ್ ಬೇಕಾಗುತ್ತಾ ಹೋಗುತ್ತದೆ, ಕೊನೆಗೆ ಎಷ್ಟು ಕೊಟ್ಟರೂ ಮಿಡಿತ ಪೂರ್ತಿ ಸಿಗುವುದಿಲ್ಲ. ಸರ್ನ್‌ನ ಅಟ್ಲಾಸ್ ಪ್ರಯೋಗದಲ್ಲಿ 2014ರಲ್ಲಿ ಕೂರಿಸಿದ ಅತಿ ಒಳಗಿನ ಸೆನ್ಸರ್ ಪದರ ಕಣಗಳ ಕಿರಣದಿಂದ ಬರೀ 3.3 ಸೆಂಟಿಮೀಟರ್ ದೂರದಲ್ಲಿದೆ. ಅಷ್ಟು ಹತ್ತಿರ ಇರುವುದಕ್ಕೆ ಈ ಅಳತೆಗಳ ಮೇಲೆ ಕಣ್ಣಿಟ್ಟೇ ಇರಬೇಕು.

ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ಕೊಣಾಜೆಯಲ್ಲೇ 8 ಎಂಇವಿ ಎಲೆಕ್ಟ್ರಾನ್ ಕೊಡುವ ಮೈಕ್ರೋಟ್ರಾನ್ ಯಂತ್ರ ಇದೆ. ಬಿಪಿಡಬ್ಲ್ಯೂ 34 ಅನ್ನುವ ಅಗ್ಗದ ಫೋಟೋಡಯೋಡ್ (ಬೆಳಕು ಬಿದ್ದರೆ ಕರೆಂಟ್ ಕೊಡುವ ಡಯೋಡ್) ಸಿಗುತ್ತದೆ, ಹೊಸದರ ಸೋರಿಕೆ 10 ವೋಲ್ಟಿನಲ್ಲಿ ಕೆಲವೇ ನ್ಯಾನೋಆಂಪ್. ಎಲೆಕ್ಟ್ರಾನ್ ಏಟು ಕೊಡುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಕತ್ತಲಲ್ಲಿ ಅಳೆಯಲಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲೇಬೇಕು.

ಪ್ರಶ್ನೆ: ಯಂತ್ರ ನಿಲ್ಲಿಸಿದಾಗಲೂ ಈ ಡಿಟೆಕ್ಟರುಗಳನ್ನು ತಣ್ಣಗೇ ಇಡುತ್ತಾರೆ ಅಂತ ಓದಿದೆ. ಯಾಕೆ?
— ಒಬ್ಬ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಬೆಚ್ಚಗಾದರೆ ಹರಳಿನ ಗಾಯಗಳು ಓಡಾಡುತ್ತವೆ. ಮೊದಲು ಸ್ವಲ್ಪ ಮಾಯುತ್ತವೆ, ಸೋರಿಕೆಯೂ ಇಳಿಯುತ್ತದೆ. ಆದರೆ ಜಾಸ್ತಿ ದಿನ ಬೆಚ್ಚಗೆ ಬಿಟ್ಟರೆ ಬೇರೆ ಬಗೆಯ ಗಾಯಗಳು ಕಟ್ಟಿಕೊಂಡು, ಮಿಡಿತ ಪೂರ್ತಿ ಸಿಗಲು ಬೇಕಾದ ವೋಲ್ಟೇಜ್ ಮತ್ತೆ ಏರುತ್ತದೆ. ರಿಪೇರಿಗೆ ಅಂತ ಕೂಲಿಂಗ್ ನಿಲ್ಲಿಸಿದರೆ ಎಷ್ಟು ಹೊತ್ತು, ಎಷ್ಟು ಡಿಗ್ರಿಯಲ್ಲಿತ್ತು ಅಂತ ಬರೆದಿಡುತ್ತಾರೆ. ಆ ಲೆಕ್ಕ ಸೇರಿಸದಿದ್ದರೆ ಅಳೆದ ಸೋರಿಕೆಗೂ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುವ ಸೋರಿಕೆಗೂ ತಾಳೆಯೇ ಆಗುವುದಿಲ್ಲ.