ಬೈಪೋಲಾರ್‌ಗೆ ಹೊಸ ಔಷಧ ಬರುವವರೆಗೆ ಲಿಥಿಯಂ ನಿಲ್ಲಿಸಬಹುದಾ?

ನಿಮ್ಮ ಅಣ್ಣನಿಗೆ ಬೈಪೋಲಾರ್ (ಮನಸ್ಸು ಕೆಲವು ಕಾಲ ಮಿತಿಮೀರಿ ಹಿಗ್ಗಿ, ಕೆಲವು ಕಾಲ ತೀರಾ ಕುಗ್ಗುವ ಕಾಯಿಲೆ) ಅಂತ ಲಿಥಿಯಂ ಮಾತ್ರೆ ಶುರು ಮಾಡಿದ್ದಾರೆ. ಇದನ್ನು ಜೀವನಪೂರ್ತಿ ನುಂಗಬೇಕಾ, ಬುಡಸಮೇತ ವಾಸಿ ಮಾಡುವ ಹೊಸದೇನಾದರೂ ಬಂದಿದೆಯಾ, ಬರುವವರೆಗೆ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು. ನನ್ನ ತಮ್ಮನಿಗೆ ಇದೇ ಕಾಯಿಲೆ, ಒಂಬತ್ತು ವರ್ಷವಾಯಿತು. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ.

ನಮ್ಮದು ರೇಷ್ಮೆ ಬೆಳೆಯುವ ಮನೆ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಅದು ಮೇಯುವ ಭರಕ್ಕೆ ಸೊಪ್ಪು ಹಾಕುವವರಿಗೆ ನಿದ್ದೆ ಇರುವುದಿಲ್ಲ. ಆ ಬೆಳೆಯಲ್ಲಿ ತಮ್ಮ ಮೂರು ರಾತ್ರಿ ಮಲಗಲೇ ಇಲ್ಲ, ಸುಸ್ತೂ ಇಲ್ಲ. ಎಂಥ ದುಡಿಮೆಗಾರ ಅಂತ ಅಪ್ಪ ಹಿಗ್ಗಿದರು. ನಾಲ್ಕನೇ ದಿನ ಬೆಳಗಿನ ಜಾವ ನೋಡಿದರೆ ಹುಳುಮನೆಯ ಗೋಡೆ ತುಂಬ ಸೀಮೆಸುಣ್ಣದ ಲೆಕ್ಕ: ಎಷ್ಟು ಗೂಡು, ಎಷ್ಟು ಕೆಜಿ, ಎಷ್ಟು ಕೋಟಿ. ಇನ್ನೂ ಗೂಡು ಕಟ್ಟುವಷ್ಟು ಹಣ್ಣಾಗದ ಹುಳು ನಂಬಿಕೊಂಡು ಸಾಲ ತಂದು, ನೂಲು ತೆಗೆಯುವ ಮೆಷಿನ್ನಿಗೆ ಮುಂಗಡ ಕೊಟ್ಟಿದ್ದ. ಎರಡು ತಿಂಗಳಿಗೆ ಅದೇ ಹುಡುಗ ಗೋಡೆಗೆ ಮುಖ ಮಾಡಿ ಮಲಗಿದವನು ಸ್ನಾನಕ್ಕೂ ಏಳಲಿಲ್ಲ.

ಗಾಳಿ ಅಂದರು, ತಾಯತ ಕಟ್ಟಿಸಿದೆವು. ಆಮೇಲೆ ಹೋದ ಡಾಕ್ಟರಿಗೆ ಮಂಕಾಗಿದ್ದಾನೆ ಅಂತಷ್ಟೇ ಹೇಳಿದೆವು. ಗೋಡೆಯ ಲೆಕ್ಕದ ಮಾತೇ ಎತ್ತಲಿಲ್ಲ. ಅದೂ ಕಾಯಿಲೆಯೇ ಅಂತ ನಮಗೆ ಹೊಳೆದಿರಲಿಲ್ಲ. ಖಿನ್ನತೆಯ ಮಾತ್ರೆ ಕೊಟ್ಟರು. ಬೈಪೋಲಾರ್ ಇದ್ದವರಿಗೆ ಅದೊಂದನ್ನೇ ಕೊಟ್ಟರೆ ಕೆಲವರಿಗೆ ಉನ್ಮಾದ, ಅಂದರೆ ಆ ಹಿಗ್ಗಿ ಹಾರಾಡುವ ಸ್ಥಿತಿ, ಮರುಕಳಿಸುತ್ತದೆ. ಇವನಿಗೂ ಮರುಕಳಿಸಿತು. ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ಕುಗ್ಗಿದ್ದನ್ನು ಹೇಳಿದಷ್ಟೇ ಬಿಡಿಸಿ, ಹಿಗ್ಗಿ ಹಾರಾಡಿದ್ದನ್ನೂ ಹೇಳಿ.

ಈಗ ಸಂಶೋಧನೆಗೆ ಬರುತ್ತೇನೆ. ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಬರೆದದ್ದು 1949ರಲ್ಲಿ. ಅದು ಕೆಲವರಿಗೆ ಚೆನ್ನಾಗಿ ಒಗ್ಗಿ ಕೆಲವರಿಗೆ ಯಾಕೆ ಒಗ್ಗುವುದಿಲ್ಲ ಅನ್ನುವುದರ ಸುಳಿವು ಈಚೆಗೆ ಸಿಗುತ್ತಿದೆ. 2015ರಲ್ಲಿ ಅಮೆರಿಕದ ಸಾಕ್ ಸಂಶೋಧನಾ ಸಂಸ್ಥೆಯವರು ರೋಗಿಗಳ ಚರ್ಮದ ಜೀವಕೋಶ ತೆಗೆದು, ಅದನ್ನು ಕಾಂಡಕೋಶವಾಗಿಸಿ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ), ಅದರಿಂದ ನರಕೋಶ ಬೆಳೆಸಿದರು. ಆ ನರಕೋಶಗಳು ಬೇರೆಯವರದ್ದಕ್ಕಿಂತ ಬೇಗ ಕೆರಳುತ್ತಿದ್ದವು. ಲಿಥಿಯಂ ಹಾಕಿದಾಗ ಶಾಂತವಾದದ್ದು, ಲಿಥಿಯಂನಿಂದ ಗುಣ ಕಂಡಿದ್ದ ರೋಗಿಗಳ ಕೋಶಗಳು ಮಾತ್ರ. ಮುಂದೊಂದು ದಿನ ಯಾರಿಗೆ ಯಾವ ಮಾತ್ರೆ ಅಂತ ಮೊದಲೇ ತಿಳಿಯುವ ಆಸೆ ಹುಟ್ಟಿದ್ದು ನನಗೆ ಇದರಿಂದಲೇ. ಇಂಥ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ: ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಅನ್ನುವ ಸಂಶೋಧನಾ ಸಂಸ್ಥೆಗಳವರು ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗವಿರುವ ಕುಟುಂಬಗಳಿಂದ ರಕ್ತ ಪಡೆದು ಕಾಂಡಕೋಶ ಬೆಳೆಸಿ ಅಭ್ಯಾಸ ಮಾಡುತ್ತಿದ್ದಾರೆ.

ಜೀನ್ ವಿಷಯ ನಮ್ಮ ಅಮ್ಮನಂಥವರಿಗೆ ಗೊತ್ತಾಗಬೇಕು. "ಇದು ನಿಮ್ಮ ತವರಿನ ಕಡೆಯಿಂದ ಬಂದದ್ದು" ಅಂತ ಆಕೆ ಕೇಳಿದ ಮಾತಿಗೆ ಲೆಕ್ಕವಿಲ್ಲ. 2025ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ 1,58,036 ರೋಗಿಗಳ ಡಿಎನ್‌ಎ ನೋಡಿ, ಕಾಯಿಲೆಗೆ ನಂಟಿರುವ 298 ಜಾಗ ಗುರುತಿಸಿತು. ಒಂದೊಂದರ ಪಾಲೂ ಚೂರೇ ಚೂರು. ಒಬ್ಬರ ಕಡೆಗೆ ಬೆರಳು ತೋರಿಸುವ ಕಾಯಿಲೆಯೇ ಅಲ್ಲ ಇದು.

ಕೀಟೋ ಊಟದಿಂದ (ಅನ್ನ, ಮುದ್ದೆ ತೀರಾ ಕಡಿಮೆ, ಕೊಬ್ಬು ಹೆಚ್ಚು) ಗುಣವಾಗುತ್ತದೆ ಅಂತ ವಿಡಿಯೋ ನೋಡಿರುತ್ತೀರಿ. ಎಡಿನ್‌ಬರೋದಲ್ಲಿ ಒಂದು ಪುಟ್ಟ ಪ್ರಯೋಗ ನಡೆದಿದೆ, 27 ಜನ ಸೇರಿ 20 ಜನ ಮುಗಿಸಿದರು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಅಷ್ಟನ್ನೇ ನಂಬಿ ಮುದ್ದೆ ಬಿಡಿಸಬೇಡಿ. ಲಿಥಿಯಂ ತಗೊಳ್ಳುವವರಿಗೆ ಉಪ್ಪು, ನೀರು ಏರುಪೇರಾದರೆ ಅಪಾಯ ಬೇರೆ.

ಆ ಅಪಾಯ ನಾನೇ ಕಂಡಿದ್ದೇನೆ. ಒಂದು ಬೇಸಿಗೆಯಲ್ಲಿ ಸೊಂಟನೋವಿಗೆ ತಮ್ಮ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಂದು ನಾಲ್ಕು ದಿನ ನುಂಗಿದ. ಹುಳುಮನೆಯ ಸೆಕೆಗೆ ಬೆವರಿ ಬೆವರಿ, ನೀರೂ ಸರಿಯಾಗಿ ಕುಡಿದಿರಲಿಲ್ಲ. ಐದನೇ ದಿನ ಟೀ ಲೋಟ ಕೈಯಲ್ಲಿ ನಿಲ್ಲಲಿಲ್ಲ, ತಟ್ಟೆ ಮೇಲೆಲ್ಲ ತುಳುಕಿತು. ವಾಂತಿ, ನಡೆದರೆ ತೂರಾಟ. ಆ ಮಾತ್ರೆ, ನೀರಿನ ಕೊರತೆ ಎರಡೂ ಸೇರಿ ರಕ್ತದಲ್ಲಿ ಲಿಥಿಯಂ ಏರಿ 1.5 ದಾಟಿತ್ತು; ಸಾಮಾನ್ಯವಾಗಿ 0.6ರಿಂದ 1.0ರೊಳಗೆ ಇಟ್ಟಿರುತ್ತಾರೆ. ಹೀಗೆ ಕಂಡರೆ ಕಾಯದೆ ಅವತ್ತೇ ಆಸ್ಪತ್ರೆಗೆ ಓಡಿ. ಪರೀಕ್ಷೆಗೆ ರಕ್ತ ಕೊಡಬೇಕಾದ್ದು ರಾತ್ರಿ ಮಾತ್ರೆ ನುಂಗಿ 12 ತಾಸು ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು. ಜೊತೆಗೆ ಥೈರಾಯ್ಡ್, ಕಿಡ್ನಿ ಪರೀಕ್ಷೆ ಸುಮಾರು ಆರು ತಿಂಗಳಿಗೊಮ್ಮೆ.

"ಚೆನ್ನಾಗಿದೀನಲ್ಲಕ್ಕ, ಇನ್ನೂ ಯಾಕೆ ಮಾತ್ರೆ?" ಅಂತ ಅವನೂ ಕೇಳುತ್ತಾನೆ. ಥಟ್ಟನೆ ಬಿಟ್ಟರೆ ಉನ್ಮಾದ ತಿರುಗಿ ಬರುವುದು ಹೆಚ್ಚು. ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಲಿಥಿಯಂನಷ್ಟು ಪುರಾವೆ ಇರುವ ಮಾತ್ರೆ ಈ ಕಾಯಿಲೆಗೆ ಇನ್ನೊಂದಿಲ್ಲ. ಅದಕ್ಕೇ ಜಗಳವಾಡಿಯಾದರೂ ನುಂಗಿಸುತ್ತೇನೆ. ಕಡಿಮೆ ಮಾಡುವುದಿದ್ದರೂ ಡಾಕ್ಟರ ಕೈಯಲ್ಲೇ, ನಿಧಾನವಾಗಿ ಆಗಬೇಕು.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋರೋಗಕ್ಕೆ ಅಂತಲೇ ನಡೆಯುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆಯಾ ವಿಚಾರಿಸಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಮನೆಯಲ್ಲಿ ಈಗ ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಸೊಪ್ಪು ಹಾಕುವುದು ನಾನು, ಅಮ್ಮ. ತಮ್ಮ ಹತ್ತು ಗಂಟೆಗೆ ಮಲಗುತ್ತಾನೆ.