ನಡೆಯಲಾರದ ಮಗನನ್ನು ನೋಡಿಕೊಂಡು ಸುಸ್ತಾಗಿದ್ದೇನೆ, ಅವನ ಮೇಲೆಯೇ ಸಿಟ್ಟು ಬರುತ್ತದೆ. ನಾನು ಕೆಟ್ಟ ತಾಯಿಯಾ?

ಖಂಡಿತ ಅಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು, 6 ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ರಾತ್ರಿ ಮೂರ್ನಾಲ್ಕು ಸಲ ಏಳುತ್ತಾನೆ ಎಂದು ಬರೆದಿದ್ದೀರಿ. ಇಷ್ಟು ನಿದ್ದೆಗೆಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ.

ನಾನು ಪೆರ್ಲದ ಕಡೆಯವಳು. ನನ್ನ ಮಗಳಿಗೂ ಅದೇ ತೊಂದರೆ, ಈಗ 14 ವರ್ಷ. ಮೊದಮೊದಲು ನಾವು ಮಂಗಳೂರಿಗೆ ಅಲೆದದ್ದಕ್ಕೆ, ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಗ್ರಹಣದ ದಿನ ಹೊರಗೆ ಹೋಗಿದ್ದೆಯಾ ಎಂದು ಕೇಳಿದವರೂ ಇದ್ದರು. ಆ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಸಮಯದಲ್ಲಿ ಮಿದುಳಿಗೆ ಆದ ತೊಂದರೆಯಿಂದ ಇದು ಬರುತ್ತದೆ. ಗ್ರಹಣದಿಂದ ಅಲ್ಲ.

ಒಂದು ದಿನ ಫಿಸಿಯೋಥೆರಪಿ ಮಾಡುವವರು ಮಗಳನ್ನು ಬಿಟ್ಟು ನನ್ನನ್ನು ಕೇಳಿದರು, "ನಿಮ್ಮ ಬೆನ್ನು ಹೇಗಿದೆ?" ಅಲ್ಲಿಯವರೆಗೆ ನನ್ನ ಬಗ್ಗೆ ಯಾರೂ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಸೊಂಟ ಬಗ್ಗಿಸಿ ಎತ್ತಬೇಡಿ, ಮಂಡಿ ಮಡಚಿ ಕೂತು, ಮಗುವನ್ನು ಎದೆಗೆ ಒತ್ತಿ ಹಿಡಿದು ಏಳಿ ಎಂದು ಅವರು ಕಲಿಸಿದರು. ಬೆನ್ನುನೋವು ಕಡಿಮೆಯಾದ ಮೇಲೆ ಸಿಟ್ಟೂ ಎಷ್ಟೋ ಇಳಿಯಿತು. ಹಾಗಾಗಿ ಮನಸ್ಸಿನ ವಿಷಯ ಆಮೇಲೆ, ಮೊದಲು ನಿಮ್ಮ ಮೈ ನೋಡಿಕೊಳ್ಳಿ.

ನಿದ್ದೆಯನ್ನು ಪಾಲು ಮಾಡಿಕೊಳ್ಳಿ. ನಮ್ಮಲ್ಲಿ ರಾತ್ರಿ 1 ಗಂಟೆಯವರೆಗೆ ಗಂಡನ ಪಾಳಿ, ಆಮೇಲೆ ನನ್ನದು. "ಅವರಿಗೆ ಬೆಳಿಗ್ಗೆ ತೋಟದ ಕೆಲಸ ಇದೆ" ಅನ್ನಬೇಡಿ. ನಿಮಗೂ ಕೆಲಸ ಇದೆ ಅಲ್ವಾ? ಮಗ ಯಾಕೆ ಏಳುತ್ತಾನೆ ಎಂದು ಡಾಕ್ಟರ ಹತ್ತಿರವೂ ಕೇಳಿ. ಸ್ನಾಯು ಸೆಳೆತವೋ ಮಲಬದ್ಧತೆಯೋ ಇದ್ದರೆ ಅದಕ್ಕೆ ಔಷಧಿ ಇದೆ.

ಇನ್ನು ವಾರಕ್ಕೆ ಎರಡು ಗಂಟೆ ಅವನನ್ನು ಬೇರೆಯವರ ಕೈಯಲ್ಲಿ ಬಿಡಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಪಕ್ಕದ ಮನೆಯ ಅಕ್ಕನಿಗೆ ಒಂದು ತಿಂಗಳು ನನ್ನ ಜೊತೆ ಕೂರಿಸಿಕೊಂಡೇ ಊಟ ಕೊಡುವುದನ್ನು ತೋರಿಸಿದೆ. ಮೊದಲ ದಿನ ಬಿಟ್ಟು ಹೊರಟವಳು ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಬಂದೆ. ಮಗಳು ಅಲ್ಲಿ ನಗುತ್ತಾ ಗಂಜಿ ಉಣ್ಣುತ್ತಿದ್ದಳು. ಮರುವಾರ ಪೇಟೆಗೆ ಹೋಗಿ ಸುಮ್ನೆ ಒಂದು ಚಹಾ ಕುಡಿದೆ.

ಮಗನನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ ಪ್ರಕಾರ ಹೆಚ್ಚಿನ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಇಲ್ಲದಿದ್ದರೆ ಸಾಧಾರಣ ಶಾಲೆಗೇ ಸೇರಿಸಿ. ಇದ್ದರೆ ಅಂಥ ಮಕ್ಕಳಿಗಾಗಿಯೇ ಇರುವ ಪಂಚಾಯತಿನ ಬಡ್ಸ್ ಶಾಲೆ ವಿಚಾರಿಸಿ. ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿಯ 'ಆಶ್ವಾಸಕಿರಣಂ' ಎಂಬ ಕೇರಳ ಸರ್ಕಾರದ ಯೋಜನೆ ಇದೆ, ಈಗ ಹೊಸ ಅರ್ಜಿ ತೆಗೆದುಕೊಳ್ಳುತ್ತಾರಾ ಎಂದು ಅಂಗನವಾಡಿಯಲ್ಲಿ ಕೇಳಿ. ಮಲಯಾಳಂ ಫಾರ್ಮ್ ನೋಡಿ ಹಿಂದೆ ಸರಿಯಬೇಡಿ, ಓದಲು ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಅವನಿಗೆ ಹೊಡೆದುಬಿಡುತ್ತೇನೋ ಅಥವಾ ಸತ್ತುಹೋದರೆ ಸಾಕು ಅನ್ನಿಸಿದರೆ, ಅವನನ್ನು ಹಾಸಿಗೆಯಲ್ಲಿ ಮಲಗಿಸಿ, ಮನೆಯವರನ್ನು ಕೂಗಿ ಕರೆಯಿರಿ. ಆಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಹಣ ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬೇಕು ಅಂತ ಹೇಳಿ.